ವಾರಕ್ಕೆಷ್ಟು ಸಲ ಉಜ್ಜಬೇಕು

ಪಾಲಿಶಕ್ಕನ ಕೈ ಸುಮ್ಮನೆ ಕೂರುವ ಜಾತಿಯದಲ್ಲ. ಮೇಜು ಕಂಡರೆ ಅಂಚು ಸವರುತ್ತದೆ, ಕುರ್ಚಿ ಕಂಡರೆ ಅದರ ಬೆನ್ನು ತಡವುತ್ತದೆ, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯಿಂದ ಎದ್ದ ಬಣ್ಣವನ್ನು ಉಗುರಿನಲ್ಲಿ ಕೆರೆಯುತ್ತದೆ. ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ, "ನೀನು ನನ್ನ ಬೆನ್ನು ಸವರ್ತಿದೀಯೋ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಅಂತ ನೋಡ್ತಿದೀಯೋ?" ಎಂದು ಕೇಳಿದ್ದ. ಅವಳು ನಕ್ಕುಬಿಟ್ಟಿದ್ದಳು. ಎರಡನೆಯದೇ ನಿಜವಾಗಿತ್ತು.

ಅವಳದು ಮರದ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವ ಕೆಲಸ. ಪಾಲಿಶ್ ಎಂದರೆ ಬಣ್ಣ ಬಳಿದು ಕೈ ತೊಳೆದುಕೊಳ್ಳುವುದು ಎಂದು ತಿಳಿದವರ ಜೊತೆ ಅವಳು ವಾದ ಮಾಡುವುದಿಲ್ಲ, ಮುಖ ತಿರುಗಿಸುತ್ತಾಳೆ. ಬಳಿಯುವುದು ಯಾರಿಗಾದರೂ ಬರುತ್ತದೆ. ಕೆಲಸವಿರುವುದು ಉಜ್ಜುವುದರಲ್ಲಿ. ಮೊದಲು ಮರ ಉಜ್ಜುವ ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಒಂದು ಕೋಟ್ ಪಾಲಿಶ್ ಹಾಕಿದರೆ ಮರದ ನಾರು ಮತ್ತೆ ಎದ್ದು ನಿಲ್ಲುತ್ತದೆ, ಮತ್ತೆ ಉಜ್ಜು. ಇನ್ನೊಂದು ಕೋಟ್, ಮತ್ತೆ ಉಜ್ಜು. ಕೊನೆಗೆ ಕಣ್ಣು ಮುಚ್ಚಿ, ಅಂಗೈ ಇಟ್ಟು ಮೇಲಿಂದ ಕೆಳಗೆ ಎಳೆಯುತ್ತಾಳೆ. ಕೂದಲೆಳೆಯಷ್ಟು ಒರಟು ಉಳಿದಿದ್ದರೂ "ಕೈಗೆ ಸಿಗ್ತಿದೆ" ಎಂದು ಮತ್ತೆ ಕಾಗದ ಮಡಚಿಕೊಳ್ಳುತ್ತಾಳೆ. "ಸಾಕು ಬಿಡಕ್ಕ, ಅದರ ಮೇಲೆ ಊಟ ಮಾಡ್ತಾರೆ, ಮುಖ ನೋಡ್ಕೊಳಲ್ಲ" ಎಂದು ಮೇಸ್ತ್ರಿ ಗೊಣಗಿದರೆ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಒರಟು ಉಳಿದಿದೆ ಎಂದರೆ ಉಜ್ಜಿದ್ದು ಸಾಲದು ಎಂದೇ ಅರ್ಥ. ಇಷ್ಟು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ, ಮರದ ಮಟ್ಟಿಗೆ.

ಕಾರ್ಖಾನೆಯಲ್ಲಿ ಅವಳು ಎಂಥ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿ ತೊಡುತ್ತಾಳೆ. ಕೇಳಿದರೆ ಮರದ ಧೂಳಿಗೆ ಎನ್ನುತ್ತಾಳೆ. ಮನೆಯಲ್ಲೂ ತೊಡುತ್ತಾಳೆ, ಅಲ್ಲಿ ಯಾವ ಧೂಳೋ! ನಿಜ ಏನೆಂದರೆ ಅವಳ ತೋಳಿನ ಹಿಂಬದಿಯಲ್ಲಿ, ಭುಜದಿಂದ ಮೊಣಕೈವರೆಗೆ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಚಿಕ್ಕಂದಿನಿಂದ ಇವೆ. ನೋವಿಲ್ಲ, ತುರಿಕೆಯಿಲ್ಲ. ಹುಡುಗಿಯಾಗಿದ್ದಾಗ, ನೆಂಟರು ತುಂಬಿದ ಮನೆಯಲ್ಲಿ, ಚಿಕ್ಕಮ್ಮನೊಬ್ಬಳು ಅವಳ ತೋಳು ಹಿಡಿದೆಳೆದು, "ಅಯ್ಯೋ, ಇದೇನೇ ಇದು, ಪುಕ್ಕ ಕಿತ್ತ ಕೋಳಿ ಇದ್ದಂಗಿದೆ!" ಎಂದಿದ್ದಳು. ಮನೆಯೆಲ್ಲ ನಕ್ಕಿತ್ತು. ಚಿಕ್ಕಮ್ಮ ಆ ಮಾತನ್ನು ಆ ಕ್ಷಣವೇ ಮರೆತಿರಬೇಕು. ಇವಳು ಮಾತ್ರ ಅಂದು ಹಿಮ್ಮಡಿ ಉಜ್ಜುವ ಕಲ್ಲು ಹಿಡಿದು ಬಚ್ಚಲು ಸೇರಿದವಳು ಇನ್ನೂ ಹೊರಗೆ ಬಂದಿಲ್ಲ ಎಂದೇ ಹೇಳಬೇಕು. ಈಗಲೂ ಸ್ನಾನ ಎಂದರೆ ಅವಳಿಗೆ ಕಲ್ಲು, ಹೀರೆಕಾಯಿ ನಾರು, ಮತ್ತು ಚಿಲಕ ಭದ್ರವಾಗಿ ಹಾಕಿದ ಬಾಗಿಲು.

ಮಗಳಿಗೆ ಮನೆಯಲ್ಲಿಟ್ಟ ಹೆಸರು ಗಿಲಕಿ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಹಲ್ಲುಜ್ಜುತ್ತಲೂ ಮಾತಾಡುತ್ತಾಳೆ, ಅರ್ಧ ಮಾತು ನೊರೆಯಲ್ಲಿ ಹೋಗುತ್ತದೆ. ಶಾಲೆಯ ವಾಲಿಬಾಲ್ ತಂಡದಲ್ಲಿ ಎದುರಿನವರು ಎಂಥ ಹೊಡೆತ ಹೊಡೆದರೂ ಮುಂಗೈ ಜೋಡಿಸಿ ಎತ್ತಿಕೊಳ್ಳುವವಳು ಇವಳೇ. ಒಂದು ಸಂಜೆ ತಂಡದ ಹೊಸ ಅಂಗಿ ತಂದು, ಹಾಕಿಕೊಂಡು, ಕನ್ನಡಿ ಮುಂದೆ ಎಗರಿ ಎಗರಿ ನೋಡಿಕೊಂಡಳು. ತೋಳಿಲ್ಲದ ಅಂಗಿ.

"ಹೇಗಿದೆ ಅಮ್ಮ? ನಾನೇ ಕ್ಯಾಪ್ಟನ್ ತರ ಕಾಣ್ತಿಲ್ವಾ? ಪಂದ್ಯಕ್ಕೆ ನೀನು ಬರ್ಲೇಬೇಕು. ರಜಾ ಹಾಕು. ಮೇಸ್ತ್ರಿ ಕೊಡಲ್ಲ ಅಂದ್ರೆ ನಾನು ಮಾತಾಡ್ತೀನಿ."

ಪಾಲಿಶಕ್ಕ ಅಂಗಿ ನೋಡಲಿಲ್ಲ, ತೋಳು ನೋಡಿದಳು. ನೋಡಿದ್ದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ, ಆದರೆ ಆ ಕೈ ಕೇಳಬೇಕಲ್ಲ! ಹೋಗಿ ಮಗಳ ತೋಳಿನ ಹಿಂಬದಿಯ ಮೇಲೆ ಕೂತಿತು, ಮೇಲಿಂದ ಕೆಳಗೆ ಇಳಿಯಿತು. ಅದೇ. ತನ್ನದೇ. ಒಂದು ಗುಳ್ಳೆಯೂ ಹೆಚ್ಚುಕಮ್ಮಿಯಿಲ್ಲದೆ ತಾಯಿಯಿಂದ ಮಗಳಿಗೆ ಇಳಿದು ಬಂದಿದೆ.

"ಏನೇ ಇದು," ಎಂದಳು ಪಾಲಿಶಕ್ಕ, "ಪುಕ್ಕ ಕಿತ್ತ ಕೋಳಿ ಹಂಗೆ."

ಆ ಮಾತು ಎಲ್ಲಿ ಕೂತಿತ್ತೋ, ಹೇಗೆ ಹೊರಬಿತ್ತೋ, ಅವಳಿಗೇ ತಿಳಿಯಲಿಲ್ಲ. ನಾಲಿಗೆ ಕಚ್ಚಿಕೊಂಡಳು. ಗಿಲಕಿ ಎಗರುವುದನ್ನು ನಿಲ್ಲಿಸಿ ಕತ್ತು ತಿರುಚಿ ಕನ್ನಡಿಯಲ್ಲಿ ತನ್ನ ತೋಳು ನೋಡಿಕೊಂಡಳು. ಮೊದಲು ಏನೂ ಕಾಣದವಳ ಹಾಗೆ, ಆಮೇಲೆ ಕಂಡವಳ ಹಾಗೆ.

"ಹೌದಲ್ಲ," ಎಂದಳು. "ಎಲ್ರಿಗೂ ಹೀಗೇ ಇರಲ್ವಾ?"

"ಇರ್ಲಿ ಬಿಡು, ಪಂದ್ಯದ ಹೊತ್ತಿಗೆ ನಾನು ನುಣ್ಣಗೆ ಮಾಡಿಕೊಡ್ತೀನಿ," ಎಂದಳು ತಾಯಿ. ಅಷ್ಟು ಹೇಳಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದಳು, ಯಾಕೆ ಬಂದೆನೆಂದು ಮರೆತು ವಾಪಸು ಬಂದಳು, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡಿದಳು. ಪಂದ್ಯ ನೋಡಲು ನಾಲ್ಕು ಶಾಲೆಯವರು ಬರುತ್ತಾರೆ. ಅಷ್ಟು ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು ಬಾಯಿ ಹರಿಬಿಟ್ಟರೆ ಮಗಳ ಗತಿಯೇನು ಎಂಬುದೇ ಅವಳ ಚಿಂತೆ. ಆ ಒಬ್ಬಳು ತಾನೇ ಆಗಿಹೋದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ನಾದಿನಿಯದು ಬಸ್ ನಿಲ್ದಾಣದ ಎದುರಿಗೆ ಸಣ್ಣ ಬ್ಯೂಟಿ ಪಾರ್ಲರ್. ಮಾರನೆಯ ದಿನ ಕೆಲಸ ಮುಗಿಸಿದವಳೇ ಪಾಲಿಶಕ್ಕ ಅಲ್ಲಿಗೆ ಹೋದಳು. ಕುರ್ಚಿಯ ಮೇಲೆ ಕೂರದೆ, ಕುರ್ಚಿಯ ಕೈಯನ್ನು ಸವರುತ್ತ, ಸುತ್ತಿ ಬಳಸಿ ವಿಷಯಕ್ಕೆ ಬಂದಳು.

"ಅಲ್ಲ, ಮೈ ಚರ್ಮ ನುಣ್ಣಗಾಗ್ಬೇಕು ಅಂದ್ರೆ ವಾರಕ್ಕೆ ಎಷ್ಟು ಸಲ ಉಜ್ಜಬೇಕು? ಕಾರ್ಖಾನೇಲಿ ಯಾರೋ ಕೇಳ್ತಿದ್ರು."

ನಾದಿನಿ ಅವಳ ಮಣಿಕಟ್ಟಿನವರೆಗಿನ ತೋಳನ್ನೊಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು. "ಎರಡು ಸಲ ಅತ್ತಿಗೆ. ಅದೂ ಮೆತ್ತಗೆ. ಮೊದಲು ಬೆಚ್ಚಗಿನ ನೀರಲ್ಲಿ ಮೈ ನೆನೀಬೇಕು, ಆಮೇಲೆ ಸುತ್ತ ಸುತ್ತ ಕೈಯಾಡಿಸ್ಬೇಕು. ಒರೆಸಿ ಒಣಗಿಸೋ ಮುಂಚೆನೇ ಕ್ರೀಮು. ಚರ್ಮ ಸೂಕ್ಷ್ಮ ಇರೋರಿಗೆ ವಾರಕ್ಕೆ ಒಂದೇ ಸಾಕು. ಕೆಂಪಾಯ್ತೋ, ಉರಿ ಬಂತೋ, ಬಿಟ್ಟುಬಿಡ್ಬೇಕು."

"ಎರಡೇ ಸಲಾನಾ?"

"ಎರಡೇ. ಚರ್ಮ ತಾನಾಗೇ ಹಳೇದನ್ನ ಉದುರಿಸಿ ಹೊಸದು ಹಾಕ್ಕೊಳುತ್ತೆ. ನಾವು ಅದಕ್ಕೆ ಒಂಚೂರು ಕೈ ಜೋಡಿಸೋದು ಅಷ್ಟೆ."

"ಸಣ್ಣ ಸಣ್ಣ ಗುಳ್ಳೆ ಇದ್ರೆ?"

"ಅದು ಪೂರ್ತಿ ಹೋಗಲ್ಲ ಅತ್ತಿಗೆ, ಮನೆತನದಲ್ಲಿ ಬರೋದು. ಕ್ರೀಮಿಂದ ಸ್ವಲ್ಪ ತಗ್ಗುತ್ತೆ. ಉಜ್ಜಿದಷ್ಟೂ ಕೆರಳುತ್ತೆ."

ಪಾಲಿಶಕ್ಕ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು. ವಾರಕ್ಕೆ ಎರಡು ಸಲವಂತೆ! ಮೇಜನ್ನು ವಾರಕ್ಕೆ ಎರಡು ಸಲ ಉಜ್ಜುತ್ತ ಕೂತರೆ ಕಾರ್ಖಾನೆ ಬಾಗಿಲು ಹಾಕಬೇಕು. ಪಾರ್ಲರಿನವರು ಬೆಳಿಗ್ಗೆಯಿಂದ ಸಂಜೆವರೆಗೆ ಮೆತ್ತನೆ ಕೆಲಸ ಮಾಡಿ ಮೆತ್ತಗಾಗಿಬಿಟ್ಟಿರುತ್ತಾರೆ ಎಂದುಕೊಂಡಳು. ಕ್ರೀಮೇನೋ ಕೊಂಡಳು. ಮನೆ ಮುಟ್ಟುವಷ್ಟರಲ್ಲಿ ವಾರಕ್ಕೆ ಎರಡು ಹೋಗಿ ದಿನಕ್ಕೆ ಎರಡಾಗಿತ್ತು.

ಮೊದಮೊದಲು ಗಿಲಕಿಗೆ ಅದೊಂದು ಆಟ. ಬಚ್ಚಲಿನ ಮಣೆ ಮೇಲೆ ಕೂತು, ಕಚಗುಳಿಗೆ ಕಿಲಕಿಲ ನಗುತ್ತ, ಶಾಲೆಯ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದಳು. ತಾಯಿ ಮೊದಲು ಕಲ್ಲು, ಆಮೇಲೆ ನಾರು, ಕೊನೆಗೆ ಸಕ್ಕರೆ ಕಲಸಿದ ಎಣ್ಣೆ, ಹೀಗೆ ಒರಟಿನಿಂದ ನಯಕ್ಕೆ ಬರುತ್ತಿದ್ದಳು. ಭುಜದಿಂದ ಹಿಡಿದು ಮುಂಗೈವರೆಗೆ ಬಿಡಲಿಲ್ಲ. ಒಂದು ಕಡೆ ಹೊಳೆದು ಇನ್ನೊಂದು ಕಡೆ ಮಂಕಾಗಿ ಉಳಿದರೆ ಅದೇನು ಕೆಲಸ! ಎರಡು ಮೂರು ದಿನದಲ್ಲಿ ತೋಳು ನಿಜಕ್ಕೂ ನುಣುಪಾಯಿತು. ಪಾಲಿಶಕ್ಕ ಹಿಗ್ಗಿಹೋದಳು. ಆಮೇಲೆ ಕೆಂಪಾಯಿತು. ಆಮೇಲೆ ಗುಳ್ಳೆಗಳು ಮೊದಲಿಗಿಂತ ದಪ್ಪಗೆ, ಒತ್ತೊತ್ತಾಗಿ ಎದ್ದವು.

ಬೇರೆ ಯಾವ ತಾಯಿಯಾದರೂ ಅಲ್ಲಿಗೆ ಗಾಬರಿಯಾಗಿ ಕಲ್ಲನ್ನು ಎಸೆಯುತ್ತಿದ್ದಳು. ಇವಳಿಗೆ ಗಾಬರಿಯಾಗಲಿಲ್ಲ. ಮೊದಲ ಕೋಟ್ ಆದ ಮೇಲೆ ಮರ ಒರಟಾಗುವುದನ್ನು ಅವಳು ದಿನಾ ನೋಡುತ್ತಿದ್ದಳಲ್ಲ! ನಾರು ಏಳುತ್ತದೆ, ಎದ್ದದ್ದನ್ನು ಕೂರಿಸಬೇಕು, ಇಲ್ಲಿ ಕೈಬಿಟ್ಟವರ ಕೆಲಸ ಕೆಟ್ಟಿತು.

"ಉರಿಯುತ್ತಮ್ಮ," ಎಂದಳು ಗಿಲಕಿ.

"ಎದ್ದಿದೆ ಪುಟ್ಟ. ಇನ್ನು ಇಳಿಯುತ್ತೆ. ಸ್ವಲ್ಪ ತಡ್ಕೊ."

ಗಂಡ ಮಾಲು ಸಾಗಿಸುವ ವ್ಯಾನ್ ಓಡಿಸುವವನು, ಮನೆಯಲ್ಲಿದ್ದಾಗ ಬಾಯಿ ಬಿಡುವುದು ಕಮ್ಮಿ. ಅವನೂ ಒಂದು ದಿನ ಬಚ್ಚಲ ಬಾಗಿಲಿಗೆ ಬಂದು ನಿಂತ. "ಅವಳು ಹುಡುಗಿ ಕಣೇ, ಬೀರು ಬಾಗಿಲಲ್ಲ."

"ನೀವು ಸುಮ್ನಿರಿ. ನಿಮಗೇನು ಗೊತ್ತಾಗುತ್ತೆ, ಅರ್ಧ ತೋಳಲ್ಲಿ ಊರು ಸುತ್ತೋರಿಗೆ."

ಅವನು ಇನ್ನೇನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಹಿಂದಕ್ಕೆ ಸರಿದ. ಸರಿಯಬಾರದಿತ್ತು.

ಆ ದಿನಗಳಲ್ಲೇ ಕಾರ್ಖಾನೆಯಲ್ಲೂ ಒಂದು ಎಡವಟ್ಟಾಯಿತು. ದೊಡ್ಡ ಮೇಜೊಂದು ಅವಳ ಕೈಗೆ ಬಂದಿತ್ತು. ಒಳಗೆ ಪ್ಲೈವುಡ್ಡು, ಮೇಲೆ ಒಳ್ಳೆಯ ಮರದ ತೆಳ್ಳನೆ ಹಾಳೆ. ಹಾಳೆ ಅಂಟಿಸಿದ ಸಾಮಾನನ್ನು ಉಜ್ಜುವಾಗ ಮೈಯೆಲ್ಲ ಕಣ್ಣಾಗಿರಬೇಕು. ಹಾಳೆ ಸವೆದರೆ ಮುಗಿಯಿತು, ಒಳಗಿನ ಪ್ಲೈವುಡ್ಡು ಇಣುಕುತ್ತದೆ, ಯಾವ ಪಾಲಿಶ್ ಹಾಕಿದರೂ ಮುಚ್ಚದು. ಹೊಸಬರು ಮಾಡುವ ತಪ್ಪು ಅದು. ಪಾಲಿಶಕ್ಕ ಪಂದ್ಯ ಯಾವ ವಾರ, ಎಷ್ಟು ದಿನ ಉಳಿದಿದೆ ಎಂದು ತಲೆ ಕೆಡಿಸಿಕೊಳ್ಳುತ್ತ ಉಜ್ಜಿದಳು, ಉಜ್ಜಿದಳು, ಕಣ್ಣು ಬಿಟ್ಟು ನೋಡಿದರೆ ಅಂಚಿನಲ್ಲಿ ಅಂಗೈಯಗಲ ಹಾಳೆ ಮಾಯ.

ಮೇಸ್ತ್ರಿ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟ. "ಏನಕ್ಕ ಇದು, ನೀನೂ ಹಿಂಗೆ ಮಾಡಿದ್ರೆ? ಎಲ್ಲಿಟ್ಟಿದೀಯ ಜ್ಞಾನ?"

ಈ ಜಾಗದಲ್ಲಿ ಅವಳಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಬಣ್ಣ ಕಲಸಿ, ಸಣ್ಣ ಕುಂಚದಲ್ಲಿ ಮರದ ಗೆರೆಗಳನ್ನು ಬರೆದು ಆ ತೇಪೆ ಮುಚ್ಚಿದಳು. ಮುಚ್ಚುವುದರಲ್ಲೂ ಅವಳ ಕೈ ಪಳಗಿದ್ದೇ. ಸಂಜೆ ಮನೆಗೆ ಹೋಗಿ ಮತ್ತೆ ಮಗಳನ್ನು ಬಚ್ಚಲಿಗೆ ಕರೆದಳು.

ಗಿಲಕಿ ಬಂದಳು. ಅದೇ ವಿಚಿತ್ರ. ಕರೆಯುವ ಮೊದಲೇ ಬಂದು ಮಣೆ ಮೇಲೆ ಕೂತಿರುತ್ತಿದ್ದಳು. ಉರಿ ಎನ್ನುತ್ತಿರಲಿಲ್ಲ. ಶಾಲೆಯ ಸುದ್ದಿಯೂ ಇಲ್ಲ, ನಗುವೂ ಇಲ್ಲ. ಮನೆ ಬಿಕೋ ಎನ್ನುವಷ್ಟು ಸುಮ್ಮನಾಗಿತ್ತು. ಓದಲು ಕೂತಾಗ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯ ಬೆರಳುಗಳು ತೋಳಿನ ಮೇಲೆ ಏರಿಳಿಯುತ್ತಿರುತ್ತಿದ್ದವು. ಕೆಲವು ಸಲ ಕಣ್ಣು ಮುಚ್ಚಿಕೊಂಡು. ಪಾಲಿಶಕ್ಕ ಅದನ್ನು ನೋಡಿದಳು, ನೋಡಿ ಬೇರೆ ಕಡೆ ತಿರುಗಿದಳು, ಪಂದ್ಯವೊಂದು ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ಪಂದ್ಯದ ದಿನ ಅರ್ಧ ದಿನ ರಜೆ ಹಾಕಿ ಹೋದಳು. ಮೈದಾನದ ಮೆಟ್ಟಿಲುಗಳ ಮೇಲೆ ಜನ ಕಿಕ್ಕಿರಿದಿದ್ದರು, ಬಿಸಿಲು ನೆತ್ತಿ ಸುಡುತ್ತಿತ್ತು. ಆಡುವ ಹುಡುಗಿಯರಲ್ಲಿ ಗಿಲಕಿಯನ್ನು ಹುಡುಕಿದಳು, ಇಲ್ಲ. ಪಕ್ಕದ ಬೆಂಚಿನ ತುದಿಯಲ್ಲಿದ್ದಳು. ತಂಡದ ಅಂಗಿಯ ಒಳಗೆ ಮಣಿಕಟ್ಟಿನವರೆಗೆ ತೋಳಿರುವ ಇನ್ನೊಂದು ಅಂಗಿ. ಮುಖ ಬೆವರಿ ಕೆಂಪಾಗಿತ್ತು. ಅವಳ ಜಾಗದಲ್ಲಿ ನಿಂತ ಹುಡುಗಿ ಚೆಂಡು ಬಿಟ್ಟಾಗಲೆಲ್ಲ ಗಿಲಕಿ ಬೆಂಚಿನಿಂದ ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಪಾಲಿಶಕ್ಕ ಜನರನ್ನು ತಳ್ಳಿಕೊಂಡು ಕೋಚ್ ಮೇಡಂ ಹತ್ತಿರ ಹೋದಳು. "ನನ್ನ ಮಗಳನ್ನ ಯಾಕೆ ಕೂರಿಸಿದೀರಿ ಮೇಡಂ?"

"ನಾನೆಲ್ಲಿ ಕೂರಿಸ್ದೆ? ಅವಳೇ ಕೂತಳು," ಎಂದರು ಮೇಡಂ, ಆಟದಿಂದ ಕಣ್ಣು ತೆಗೆಯದೆ. "ಎಲ್ರೂ ಒಂದೇ ತರ ಅಂಗಿ ಹಾಕ್ಬೇಕು, ಒಳಗಿಂದು ತೆಗಿ ಅಂದೆ. ತೆಗಿಯೋದಾದ್ರೆ ಆಡಲ್ಲ ಅಂದ್ಲು. ಹುಷಾರಿಲ್ವಾ ಅಂತ ಕೇಳಿದ್ರೆ ಬಾಯೇ ಬಿಡಲ್ಲ. ಎಂಥ ಹುಡುಗಿ ಇದ್ಲು! ನೀವೇ ಕೇಳಿ ಒಂಚೂರು."

ಪಾಲಿಶಕ್ಕ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ಬೆಂಚಿನ ತುದಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ಜಾಗ. ಹುಡುಗಿಯಾಗಿದ್ದಾಗಿನಿಂದ ಅವಳು ಕೂತಿದ್ದದ್ದು ಅಲ್ಲೇ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಪಕ್ಕ ಕೂತರು. ಪಾಲಿಶಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

"ಇವತ್ತಿಂದ ಉಜ್ಜೋದು ಬೇಡ ಪುಟ್ಟ. ಸಾಕು."

"ಹೂಂ," ಎಂದಳು ಗಿಲಕಿ, ಕಿಟಕಿಯಾಚೆ ನೋಡುತ್ತ.

"ಪಾರ್ಲರ್ ಅತ್ತೆ ಹೇಳಿದ್ರು, ಜಾಸ್ತಿ ಉಜ್ಜಬಾರದಂತೆ. ತಾನಾಗೇ ಸರಿಹೋಗುತ್ತಂತೆ."

"ಹೂಂ."

ಮನೆಗೆ ಬಂದವಳೇ ಗಿಲಕಿ ಬಚ್ಚಲು ಸೇರಿ ಚಿಲಕ ಹಾಕಿಕೊಂಡಳು. ಪಾಲಿಶಕ್ಕ ಒಲೆ ಹಚ್ಚಿದಳು, ಆರಿಸಿದಳು. ನೀರು ಬೀಳುವ ಸದ್ದು ಕೇಳಿಸಿತು, ನಿಂತಿತು. ಆಮೇಲೆ ಇನ್ನೊಂದು ಸದ್ದು ಶುರುವಾಯಿತು. ಕಲ್ಲಿನದಲ್ಲ. ನಾರಿನದೂ ಅಲ್ಲ. ಬೆಳಗಿನಿಂದ ಸಂಜೆವರೆಗೆ ಅವಳ ಕಿವಿಯ ಬುಡದಲ್ಲೇ ಆಗುವ ಸದ್ದು ಅದು. ಯಾವ ಉಪ್ಪುಕಾಗದ ಎಂದು ಸದ್ದಿನಲ್ಲೇ ಹೇಳಬಲ್ಲಳು. ಅದು ಎಲ್ಲಕ್ಕಿಂತ ಒರಟಾದದ್ದು, ಹಳೆಯ ಬಣ್ಣ ಕೀಳಲು ಬಳಸುವಂಥದ್ದು, ಅವಳ ಕೆಲಸದ ಚೀಲದಲ್ಲೇ ಇದ್ದದ್ದು.

ಅವಳು ಓಡಿದಳು. ಬಾಗಿಲಿಗೆ ಎರಡೂ ಅಂಗೈಯಿಂದ ಬಡಿದಳು. "ಗಿಲಕಿ! ಬಾಗಿಲು ತೆಗಿ! ಏನು ಮಾಡ್ತಿದೀಯ ಒಳಗೆ, ತೆಗಿ!"

"ಇರು, ಒಂಚೂರಿದೆ," ಎಂದಿತು ಒಳಗಿನಿಂದ ದನಿ, ಕೆಲಸದಲ್ಲಿ ಮುಳುಗಿದವರ ದನಿ. "ಇನ್ನೂ ಕೈಗೆ ಸಿಗ್ತಿದೆ."

"ತೆಗಿಯೇ, ನಿನ್ನ ಕಾಲಿಗೆ ಬೀಳ್ತೀನಿ ತೆಗಿ!"

ಚಿಲಕ ಸರಿಯಿತು. ಗಿಲಕಿ ಮಣೆಯ ಮೇಲೆ ಕೂತಿದ್ದಳು. ತೋಳಿನ ಹಿಂಬದಿಯಲ್ಲಿ ರಕ್ತ ಸಣ್ಣ ಸಣ್ಣ ಚುಕ್ಕಿಯಾಗಿ ಒಸರುತ್ತಿತ್ತು. ಅಳುತ್ತಿರಲಿಲ್ಲ. ತಾಯಿ ಅವಳ ಕೈಯಿಂದ ಕಾಗದ ಕಿತ್ತುಕೊಂಡಳು. ಗಿಲಕಿ ಕಣ್ಣು ಮುಚ್ಚಿ ತೋಳನ್ನು ಮುಂದೆ ಚಾಚಿದಳು.

"ನೀನೇ ನೋಡು. ನಿನ್ನ ಕೈ ಇಟ್ಟು ಹೇಳು. ಆಯ್ತಾ?"

ಪಾಲಿಶಕ್ಕ ಬೆರಳ ತುದಿಯನ್ನು ತೋಳಿನ ಮೇಲೆ, ಗಾಯವಿಲ್ಲದ ಕಡೆ, ಇಟ್ಟಳು. ಒಂದು ಮೇಜಿಗೂ, ಒಂದು ಬಾಗಿಲಿಗೂ ಆ ಕೈ ಸುಳ್ಳು ಹೇಳಿರಲಿಲ್ಲ. "ಆಯ್ತು ಪುಟ್ಟ," ಎಂದಳು. "ನುಣ್ಣಗಾಗಿದೆ."

"ಸುಳ್ಳು," ಎಂದಳು ಗಿಲಕಿ, ಕಣ್ಣು ಬಿಟ್ಟು.

ಪಾಲಿಶಕ್ಕ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಗುಂಡಿ ಬಿಚ್ಚಿ ಅಂಗಿಯ ತೋಳನ್ನು ಭುಜದವರೆಗೆ ಮೇಲಕ್ಕೆ ಸರಿಸಿದಳು. ಬೆಳಕಿನಲ್ಲಿ, ಇನ್ನೊಬ್ಬರ ಕಣ್ಣ ಮುಂದೆ, ತನ್ನ ತೋಳನ್ನು ಹೀಗೆ ತೆರೆದದ್ದು ಯಾವಾಗ ಎಂದು ಅವಳಿಗೇ ನೆನಪಿಲ್ಲ. ಮಗಳ ಕೈ ಹಿಡಿದು ಅದರ ಮೇಲೆ ಇಟ್ಟಳು. ಗುಳ್ಳೆಗಳು ಹಾಗೇ ಇದ್ದವು. ನಡುನಡುವೆ ಉಜ್ಜಿ ಉಜ್ಜಿ ಕಪ್ಪಾದ ಪಟ್ಟೆಗಳು, ಅಲ್ಲಲ್ಲಿ ಚರ್ಮ ಕಳೆದುಕೊಂಡು ಹೊಳೆಯುವ ಕಲೆಗಳು. ಗಿಲಕಿಯ ಬೆರಳು ಮೇಲಿಂದ ಕೆಳಗೆ ಇಳಿಯಿತು, ಕಲೆಗಳ ಬಳಿ ನಿಂತು ನಿಂತು ಇಳಿಯಿತು.

"ನಿಂಗೂ ಇದೆಯಾ?"

"ಹೂಂ. ನಿನಗಿಂತ ಚಿಕ್ಕೋಳಿದ್ದಾಗಿಂದ."

"ಉಜ್ಜಿದ್ಯಾ?"

"ದಿನಾ."

"ಹೋಯ್ತಾ?"

"ಇಲ್ಲ."

"ಹೋಗಲ್ಲ ಅಂತ ಗೊತ್ತಿದ್ದೂ ನಂಗೆ ಉಜ್ಜಿದ್ಯಾ?"

ಪಾಲಿಶಕ್ಕನ ಬೆರಳು ಒದ್ದೆ ನೆಲವನ್ನು ಸವರಿತು. "ನಿಂಗಾದ್ರೂ ಹೋಗ್ಲಿ ಅಂತ. ಯಾರಾದ್ರೂ ನೋಡಿ ಏನಾದ್ರೂ ಅಂದುಬಿಟ್ರೆ, ನೀನು ನನ್ನ ಹಾಗೆ..."

ಗಿಲಕಿ ತಾಯಿಯ ತೋಳಿನಿಂದ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇಷ್ಟು ಹೊತ್ತು ಬಿಗಿಹಿಡಿದಿದ್ದ ಮುಖ ಈಗ ಸಡಿಲವಾಯಿತು, ಕಣ್ಣು ತುಂಬಿ ಬಂತು.

"ಯಾರೂ ಏನೂ ಅಂದಿರ್ಲಿಲ್ಲಮ್ಮ," ಎಂದಳು. "ನಂಗೆ ಇದೆ ಅಂತಾನೇ ಗೊತ್ತಿರ್ಲಿಲ್ಲ."